ರೈಟ್ ಅನ್ನದ ಕಂಡಕ್ಟರಣ್ಣ

ಹೋದ ವಾರ ಬಳ್ಳಾರಿಯಲ್ಲಿ ಹರಿದ ಚಪ್ಪಲಿ ಹೊಲಿಸಿಕೊಳ್ಳಲು ಕೂತಿದ್ದೆ. ಹೊಲಿಯುವವರ ಪಕ್ಕದಲ್ಲಿ ಯಾರದೋ ಹಳೆಯ ಚರ್ಮದ ಚೀಲಕ್ಕೆ ಎಣ್ಣೆ ತಿಕ್ಕಿ ಇಟ್ಟಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುರುಗೋಡಿನ ಬಸ್ಸು, ಹೆಗಲಿಗೆ ಅಂಥದೇ ಚೀಲ ಇಳಿಬಿಟ್ಟ ಕಂಡಕ್ಟರಣ್ಣ... ಎಲ್ಲ ಕಣ್ಣೆದುರು ಬಂದು ನಿಂತವು. ಜೊತೆಗೆ ಹಳೆಯ ಸಿಟ್ಟೂ ಬಂತು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ನನಗಂತೂ ಇಳಿದಿಲ್ಲ.

ಎಪ್ಪತ್ತರ ದಶಕದ ಮಾತು. ಕುರುಗೋಡಿನ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಹೊಸದಾಗಿ ಸೇರಿದ್ದೆ. ಬಳ್ಳಾರಿಯಿಂದ ದಿನವೂ ಒಂದು ಖಾಸಗಿ ಬಸ್ಸಿನಲ್ಲಿ ಓಡಾಟ. ಹೆಣ್ಣುಮಗಳು ಒಬ್ಬಳೇ ಬರುತ್ತಾಳೆಂದು ಕಂಡಕ್ಟರಣ್ಣ ಮುಂದಿನ ಸೀಟು ಹಿಡಿದಿಡುತ್ತಿದ್ದ. ಯಾರಾದರೂ ಕೂತರೆ "ಏಳಲೇ, ಅದು ಸಾಲಿ ಟೀಚರಮ್ಮನ ಸೀಟು" ಎಂದು ಎಬ್ಬಿಸುತ್ತಿದ್ದ.

ಹೆಚ್ಚು ಓದಿದವನಲ್ಲ, ಆದರೆ ಇಂಗ್ಲಿಷ್ ಅಂದರೆ ಪ್ರಾಣ. ಅವನ ಇಂಗ್ಲಿಷೆಲ್ಲ ಬಸ್ಸಿನಲ್ಲೇ ಹುಟ್ಟಿದ್ದು. "ರೈಟ್ ಅಂದ್ರ ಗಾಡಿ ಹೊಂಡತೈತಿ, ಲೈಟ್ ಹಾಕಿದ್ರ ದಾರಿ ಕಾಣತೈತಿ, ನೈಟ್ ಆದ್ರ ಹಾಲ್ಟು. ಟೈಟ್ ಆದೋನು ಟಿಕೆಟ್ ತಗಳಂಗಿಲ್ಲ, ಕೇಳಿದ್ರ ಫೈಟು" ಎಂದು ಪ್ರಾಸ ಹೊಂದಿಸಿ ಹೇಳಿ, ನಾನು ನಕ್ಕೆನೋ ಇಲ್ಲವೋ ಎಂದು ತಿರುಗಿ ನೋಡುತ್ತಿದ್ದ. ನಾನೋ ಹೊಸ ಟೀಚರು, ಸುಮ್ಮನಿರುತ್ತೇನೆಯೇ? ರೈಟ್ ಅಂದರೆ ಸರಿ, ರೈಟ್ ಅಂದರೆ ಬಲಗಡೆ, ರೈಟ್ ಅಂದರೆ ಹಕ್ಕು, ಸ್ಪೆಲ್ಲಿಂಗ್ ಬದಲಾದರೆ ಬರೆಯುವುದಕ್ಕೂ ರೈಟ್ ಎಂದು ವಿವರಿಸಿದೆ.

"ಒಂದ ಅಂಗಿ ಮನಿಮಂದೆಲ್ಲ ಹಾಕ್ಕೊಂಡಂಗಾತಲ್ರಿ ಟೀಚರಮ್ಮ" ಎಂದು ನಕ್ಕ. "ನನಗ ಒಂದ ಸಾಕು. ನಾ ರೈಟ್ ಅಂದ್ರ ಬಸ್ ಹೊಂಡಬೇಕು, ಅನ್ನದಿದ್ರ ನಿಂದರಬೇಕು."

ಆ ಮಾತಿನಲ್ಲಿ ಹಮ್ಮಿತ್ತು. ಇರಬೇಕಾದದ್ದೇ. ಮುದುಕಿಯರು ಇಳಿದು, ಬುಟ್ಟಿ ಇಳಿಸಿಕೊಂಡು, ರಸ್ತೆಯ ಅಂಚಿಗೆ ಸರಿಯುವ ತನಕ ಅವನ ಬಾಯಿಂದ ರೈಟ್ ಹೊರಡುತ್ತಿರಲಿಲ್ಲ. ಡ್ರೈವರು ಗೊಣಗುತ್ತಿದ್ದ. ಬಸ್ಸಿನ ಮಾಲೀಕನ ಬಾಮೈದ ಅವನು. ಯಾರ ಹಂಗೂ ಇಲ್ಲ, ಯಾವಾಗಲೂ ಅವಸರ.

ಒಂದು ಭಾನುವಾರ, ನಾನಿಲ್ಲದ ದಿನ, ದಾರಿಯ ಹಳ್ಳಿಯೊಂದರಲ್ಲಿ ಮುದುಕಿಯ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿರುವಾಗಲೇ ಡ್ರೈವರು ಬಸ್ಸು ಬಿಟ್ಟ. ಅವಳ ಸೊಂಟ ಮುರಿಯಿತು. ಕಂಡಕ್ಟರು ರೈಟ್ ಅಂದೇ ಇಲ್ಲವೆಂದು ಬಸ್ಸಿನಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವರನ್ನು ಕೇಳಿದವರಾರು? ವಿಚಾರಣೆಗೆಂದು ಇನ್ಶೂರೆನ್ಸಿನ ಅಧಿಕಾರಿಯೊಬ್ಬ ಬಾಂಬೆಯಿಂದ ಬಂದ. ಅವನಿಗೆ ಕನ್ನಡವೂ ಬಾರದು, ತೆಲುಗೂ ಬಾರದು. ಬೇಕಾದರೆ ತಿಳಿಸಿ ಹೇಳುತ್ತೇನೆಂದು ಮಾಲೀಕನೇ ಪಕ್ಕದಲ್ಲಿ ಕೂತನಂತೆ.

ವಿಚಾರಣೆಯ ಮರುದಿನ ಬಸ್ಸಿನಲ್ಲಿ ಕಂಡಕ್ಟರಣ್ಣ ಖುಷಿಯಾಗಿದ್ದ. "ಸಾಹೇಬ್ರು ಇಂಗ್ಲೀಷ್‌ನ್ಯಾಗ ಕೇಳಿದ್ರು, ನಾನೂ ಇಂಗ್ಲೀಷ್‌ನ್ಯಾಗ ಹೇಳಿದೆ ನೋಡ್ರಿ. ಏನ ಕೇಳಿದ್ರೂ ಕಡೀಕ ರೈಟ್? ರೈಟ್? ಅಂತಿದ್ರು. ನಾ ಬಿಡ್ತೀನೇನ್ರಿ? ನೋ ಸಾರ್, ನೋ ರೈಟ್ ಅಂದೆ."

ನಾನು ಅವನನ್ನು ಅಲ್ಲೇ ತಡೆದೆ. ಇನ್ನೇನು ಕೇಳಿಸಿತು ಎಂದೆ. ಸ್ಟಾಪ್ ಅಂದರು, ವೇಟ್ ಅಂದರು, ಉಳಿದದ್ದು ತಿಳಿಯಲಿಲ್ಲ ಎಂದ. ಇನ್ನೇನು ತಿಳಿಯಬೇಕು? ನೀನು ಬಸ್ಸು ನಿಲ್ಲಿಸಿದ್ದೆ, ರೈಟ್? ಅವಳು ಇಳಿಯುವ ತನಕ ಕಾದೆ, ರೈಟ್? ನಾವು ಮಾತಿನ ಕೊನೆಗೆ ಅಲ್ಲವೇ ಅನ್ನುತ್ತೇವಲ್ಲ, ಅದು ಆ ರೈಟು. ನನ್ನ ಪಠ್ಯಪುಸ್ತಕದಲ್ಲಿ ಅದಿರಲಿಲ್ಲ. ನಾನು ರೈಟ್ ಕೊಟ್ಟಿಲ್ಲ ಎಂದು ಇವನು ಹೇಳಿದ್ದು. ನಿಲ್ಲಿಸಲಿಲ್ಲ, ಕಾಯಲಿಲ್ಲ ಎಂದು ಆ ಅಧಿಕಾರಿ ಬರೆದುಕೊಂಡದ್ದು.

ಅಂದೇ ಸಂಜೆ ಮಾಲೀಕನ ಮನೆಗೆ ಹೋದೆ. ಕೂಡಿಸಿ ಚಹ ಕೊಟ್ಟ. "ಅವ ಏನಂದ ಅನ್ನೋದು ನನಗ ಅಲ್ಲೇ ತಿಳೀತಮ್ಮ" ಎಂದ, ತಗ್ಗಿದ ದನಿಯಲ್ಲಿ. "ಬಾಮೈದನ್ನ ಸಿಗಿಸಿ ನಾ ಹೆಂಡ್ತಿ ಮುಂದ ಹೆಂಗ ನಿಂದರ್ಲಿ? ಕಂಡಕ್ಟರಿಗೇನು, ಎಲ್ಲೆರ ಕೆಲಸ ಸಿಗತೈತಿ." ಚಹ ಅಲ್ಲೇ ಬಿಟ್ಟು ಎದ್ದು ಬಂದೆ. ಆ ಅಧಿಕಾರಿಗೆ ನಾನೇ ಇಂಗ್ಲಿಷಿನಲ್ಲಿ ವಿವರವಾಗಿ ಬರೆದೆ. ಉತ್ತರ ಬರಲಿಲ್ಲ. ಕಂಡಕ್ಟರಣ್ಣನನ್ನು ಕೆಲಸದಿಂದ ತೆಗೆದರು. ಕಂಡಕ್ಟರ್ ಲೈಸೆನ್ಸಿನ ಬ್ಯಾಡ್ಜೂ ಹೋಯಿತು. ಮುದುಕಿಯ ಮಕ್ಕಳು ಅವನ ಮನೆಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು. ಅವನು ಹೆಂಡತಿ, ಮಗಳನ್ನು ಕಟ್ಟಿಕೊಂಡು ಊರು ಬಿಟ್ಟ.

ಕೆಲವು ವರ್ಷಗಳ ಮೇಲೆ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಕಂಡ. ಲಾರಿಗಳನ್ನು ಹಿಂದಕ್ಕೆ ಬಿಡಿಸುವ ಕೆಲಸ. "ಬರ್ಲಿ, ಬರ್ಲಿ" ಅನ್ನುತ್ತಿದ್ದವನು, ಲಾರಿ ಹೊರಡುವಾಗ ರೈಟ್ ಅನ್ನದೆ ಅದರ ಮೈಗೆ ಡಬಡಬ ಅಂಗೈ ಬಡಿದ. ನಾನು ತಡೆಯಲಾರದೆ, ನಿನ್ನ ಬಸ್ಸಿನ ಸಾವ್ಕಾರ ಅಂದು ಎಲ್ಲ ತಿಳಿದೂ ಸುಮ್ಮನಿದ್ದ ಎಂದುಬಿಟ್ಟೆ.

"ಬಿಡ್ರಿ ಟೀಚರಮ್ಮ, ಸಾವ್ಕಾರ್ರು ಅಂಥೋರಲ್ಲ. ಅವರಿಗಾರ ಎಲ್ಲಿ ಅಷ್ಟು ಇಂಗ್ಲೀಷ್ ಬರ್ತಿತ್ತು, ಪಾಪ. ತಪ್ಪು ನನ್ನ ನಾಲಿಗೀದು."

ಎಷ್ಟು ಹೇಳಿದರೂ ನಂಬಲಿಲ್ಲ. ನನಗೆ ಅವನ ಮೇಲೂ ಸಿಟ್ಟು ಬಂತು...

ಈ ವಾರ ಮನಸ್ಸು ತಡೆಯದೆ ಮತ್ತೆ ಸಿರುಗುಪ್ಪಕ್ಕೆ ಹೋದೆ. ಕಂಡಕ್ಟರಣ್ಣ ತೀರಿಕೊಂಡು ಬಹಳ ವರ್ಷಗಳಾದವಂತೆ. ಮಗಳು ಸಿಕ್ಕಳು. ಅದೇ ಗಿರಣಿಯಲ್ಲಿ ನುಚ್ಚು ಕೇರುತ್ತಾಳೆ. ತಲೆ ನೆರೆತಿದೆ, ತಂದೆಯದೇ ಮುಖ. ನಾನು ಟೀಚರೆಂದು ತಿಳಿದು ಮೊರ ಕೆಳಗಿಟ್ಟು ಎದ್ದು ನಿಂತಳು. ಎಲ್ಲಿಯವರೆಗೆ ಓದಿದೆಯಮ್ಮ ಎಂದು ಕೇಳಿದೆ.

"ನಾಕನೇ ಕ್ಲಾಸಿಗೇ ಬಿಡಿಸಿದನ್ರಿ ಅಪ್ಪ. ಶಾಣ್ಯಾ ಇದ್ದೆ ನಾನು, ಭಾಳ ಅತ್ತೆ. ಐದಕ್ಕ ಇಂಗ್ಲೀಷ್ ಶುರು ಆಗತಿತ್ತಲ್ರಿ, ಅದಕ್ಕ ಬ್ಯಾಡ ಅಂದ."