ಕರಡಿಗೆಯ ಕೆಳಗೆ

ಅವ್ವನ ಎದೆಯ ಗಂಟಿಗೆ ಮೊದಲು ಕಾರಣ ಹೇಳಿದವಳು ನಾನೇ. "ಕರಡಿಗಿ ಒತ್ತಿ ಒತ್ತಿ ಗಂಟಾಗೈತಿ, ಬಿಡವ್ವ" ಎಂದಿದ್ದೆ. ಇಷ್ಟಲಿಂಗವಿದ್ದ ಆ ಬೆಳ್ಳಿಯ ಕರಡಿಗೆಯನ್ನು ಅವಳು ಮಲಗುವಾಗಲೂ ಎದೆಯಿಂದ ತೆಗೆದವಳಲ್ಲ. ಕೊಟ್ಟೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ಮಗಳೇ ಹೇಳಿದ ಮೇಲೆ ಅನುಮಾನವೆಲ್ಲಿಯದು? ಎಂಟು ತಿಂಗಳು ಹರಳೆಣ್ಣೆ ಹಚ್ಚಿಕೊಂಡಳು.

ಗಂಟು ಕರಗದಿದ್ದಾಗ ದಾವಣಗೆರೆಗೆ ಕರೆದೊಯ್ದೆ; ವೈದ್ಯರು ಕ್ಯಾನ್ಸರ್ ಎಂದರು. ಅವರು ವಿವರಿಸಿದ್ದೆಲ್ಲ ನನ್ನದೇ ಪಾಠ. ಗರ್ಭದಲ್ಲಿ ಕೈಕಾಲು, ಬೆರಳು ರೂಪಿಸುವ ಜೀನ್‌ಗಳಲ್ಲಿ ಕೆಲವು ಆ ಕೆಲಸ ಮುಗಿದ ಮೇಲೂ ಎಚ್ಚರವಿರುತ್ತವೆ. ಜೀವಕೋಶಕ್ಕೆ 'ಬೆಳೆ, ಬೆಳೆ' ಎಂದು ಬರುವ ಸಂದೇಶ ಹದ್ದು ಮೀರದಂತೆ ತಡೆಯುತ್ತವೆ. ಅವು ಸುಮ್ಮನಾದರೆ ಸಂದೇಶ ನಿಲ್ಲುವುದೇ ಇಲ್ಲ. ವರ್ಷವೂ ಹಲಗೆಯ ಮೇಲೆ ಬಾಣ ಬರೆದು, ಅದನ್ನು ತಡೆಯುವ ಅಡ್ಡಗೆರೆಯೊಂದನ್ನು ಎಳೆದು ಇದನ್ನೇ ತೋರಿಸಿದ್ದೇನೆ. ಆ ಅಡ್ಡಗೆರೆ ಅವ್ವನ ಮೈಯೊಳಗೂ ಇರುತ್ತದೆಂದು ಒಮ್ಮೆಯೂ ಹೊಳೆದಿರಲಿಲ್ಲ. ನನ್ನ ಓದಿಗಿಷ್ಟು ಬೆಂಕಿ ಬೀಳಲಿ ಅನ್ನಿಸಿತು.

ವಾಪಸು ಬರುವಾಗ, ಬಸ್ಸು ಹರಪನಹಳ್ಳಿ ದಾಟುತ್ತಿದ್ದಂತೆ ಅವ್ವ ಕೇಳಿದಳು.

"ನಮ್ಮವ್ವನ ಹೊಟ್ಟ್ಯಾಗ ನನ್ನ ಬೆರಳು ಮಾಡಿದವು ಇನ್ನೂ ಒಳಗ ಅದಾವೇನು?"

"ಅದಾವವ್ವ."

"ನಿದ್ದಿ ಮಾಡಂಗಿಲ್ಲ?"

"ಕೆಲವು ಮಾಡಂಗಿಲ್ಲ. ಆ ಗಂಟಿನಾಗಿರೋವು ಮಲಗಿಬಿಟ್ಟಾವ."

ಅವಳು ತನ್ನ ಕೈಯನ್ನು ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಹುಟ್ಟೋಕಿಂತ ಮೊದಲಿಂದ ಯಾರೋ ಒಳಗ ಕಾಯ್ಕೊಂತ ಕುಂತಿದ್ರು. ಮಲಗೋವಾಗ ನನಗೊಂದು ಮಾತೂ ಹೇಳ್ಲಿಲ್ಲ ನೋಡು."

ಹೊರಗೆ ರಣಬಿಸಿಲು, ರಸ್ತೆಯ ಬದಿಗೆ ಮೆಕ್ಕೆಜೋಳ ಒಣಹಾಕಿದ್ದರು. ಪಕ್ಕದಲ್ಲಿ ಕೂತಿದ್ದ ಅವ್ವನೊಳಗೆ ಇನ್ನೂ ಯಾರೋ ಇದ್ದಾರೆಂಬ ಭಯ ಕೊಟ್ಟೂರು ಬರುವವರೆಗೂ ಬಿಡಲಿಲ್ಲ.

ಆಪರೇಷನ್ ದಿನ ಕರಡಿಗೆಯನ್ನು ತೋಳಿಗೆ ಕಟ್ಟಿಸಿಕೊಂಡಳು. ಅಷ್ಟರಲ್ಲಾಗಲೇ ರೋಗ ಕಂಕುಳಿಗೂ ಹಬ್ಬಿತ್ತು. ಮುಂದಿನ ಬೇಸಿಗೆ ಅವಳು ನೋಡಲಿಲ್ಲ. ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದೆವು. ಖಾಲಿ ಕರಡಿಗೆ ನನ್ನ ಪಾಲಿಗೆ ಬಂತು. ಈಗ ಅದರಲ್ಲಿ ನನ್ನ ಲಿಂಗವಿದೆ, ಅದು ನನ್ನ ಎದೆಯ ಮೇಲಿದೆ.

ಸ್ನಾನದ ಹೊತ್ತಿಗೆ ಅದನ್ನು ಸರಿಸಿ, ಕೆಳಗೆ ಒತ್ತಿ ನೋಡಿಕೊಳ್ಳುವುದು ರೂಢಿಯಾಗಿದೆ. ಮೊನ್ನೆ ಬೆಳಿಗ್ಗೆ ಬೆರಳಿಗೆ ಗಟ್ಟಿಯಾದದ್ದೇನೋ ಸಿಕ್ಕಿತು.

"ಕರಡಿಗಿ ಒತ್ತಿರಬೇಕು ಬಿಡು."

ಬಚ್ಚಲಲ್ಲಿ ಹಾಗೆಂದದ್ದು ನಾನೇ. ಎಂಟು ತಿಂಗಳು ಅವ್ವ ನಂಬಿದ್ದ ಅದೇ ದನಿ. ಒದ್ದೆ ತಲೆಯಲ್ಲೇ ದಾವಣಗೆರೆ ಬಸ್ಸು ಹತ್ತಿದೆ.