ಕಾಗೆ ಮುಟ್ಟದ ಎಡೆ

ಮೊನ್ನೆ ಚಿಕ್ಕಬಳ್ಳಾಪುರ ಬಸ್‌ಸ್ಟ್ಯಾಂಡ್ ಹತ್ತಿರ ಯಾರದೋ ಶ್ರದ್ಧಾಂಜಲಿ ಸಭೆ. ಬಿಸಿಲಿಗೆ ಬಾಡಿದ ಚೆಂಡುಹೂವಿನ ಹಾರದ ವಾಸನೆ ಮೂಗಿಗೆ ಬಡಿಯಿತು. ನಿಲ್ಲಲು ಆಗಲಿಲ್ಲ. ಪಕ್ಕದ ಮನೆಯ ಅಕ್ಕ ನೆನಪಾದರು...

ಊರಿಗೆ ಫ್ಲೆಕ್ಸ್ ಆಗಷ್ಟೇ ಬಂದಿದ್ದ ಕಾಲ. ಒಂದು ಬೆಳಿಗ್ಗೆ ಅಕ್ಕನಿಗೂ ಭಾವನಿಗೂ ಜಗಳವಾಯಿತು. ಭಾವ ಉಣ್ಣದೆ ದ್ರಾಕ್ಷಿ ತೋಟದ ಕೂಲಿಗೆ ಟೆಂಪೊ ಹತ್ತಿದರು. ನಂದಿ ದಾರಿಯಲ್ಲಿ ಗುಂಡಿಗೆ ಇಳಿದ ಟೆಂಪೊ ಮಗುಚಿತು. ಭಾವ ಅಲ್ಲೇ ಹೋದರು.

ಮೂರನೇ ದಿನ ಹಾಲುತುಪ್ಪ. ಸಮಾಧಿ ಮುಂದೆ ಎಡೆ ಇಟ್ಟು, ಕಾಗೆ ಬರಲಿ ಎಂದು ಎಲ್ಲರೂ ದೂರ ನಿಂತೆವು. ಭಾವನಿಗೆ ಇಷ್ಟವಾದ ಹುರುಳಿ ಸಾರು, ಮುದ್ದೆ, ಅಕ್ಕನೇ ಮಾಡಿದ್ದು. ಹೊಂಗೆ ಮರದಿಂದ ಒಂದು ಕಾಗೆ ಇಳಿಯಿತು. ಅಷ್ಟರಲ್ಲಿ ಊರಿನ ಎರಡು ರಾಜಕೀಯ ಪಕ್ಷದವರೂ ಹಾರ ಹಿಡಿದು ಒಟ್ಟಿಗೇ ಬಂದರು.

"ರೋಡ್ ಗುಂಡಿ ಮುಚ್ಚಕ್ಕಾಗ್ದೋರು ಯಾವ್ ಮುಖ ಇಟ್ಕೊಂಡು ಹಾರ ತಂದ್ರಪ್ಪಾ?" ಎಂದ ಒಬ್ಬ.

"ಸಾವಲ್ಲೂ ರಾಜಕೀಯನೇನೋ? ನಿಮ್ ಫ್ಲೆಕ್ಸಲ್ಲಿ ಸತ್ತೋನ್ ಫೋಟೊಗಿಂತ ನಿಮ್ ಲೀಡರ್ ಮೀಸೇನೇ ದೊಡ್ಡದೈತೆ!" ಎಂದ ಆ ಕಡೆಯವನು.

"ಸುಮ್ನಿರ್ರಪ್ಪಾ, ಕಾಗೆ ಮುಟ್ಲಿ," ಎಂದು ಅಕ್ಕನ ಮಾವ ಕೈ ಮುಗಿದರು. ಯಾರು ಕೇಳುತ್ತಾರೆ? ಮೊದಲು ಯಾರ ಹಾರ ಎಂದು ತಳ್ಳಾಟ, ಅದರ ಮೇಲೆ ಘೋಷಣೆ. ಕಾಗೆ ಬೆಟ್ಟದ ಕಡೆ ಹಾರಿಹೋಯಿತು.

ಮಧ್ಯಾಹ್ನದವರೆಗೂ ಕಾದೆವು. ಬರಲಿಲ್ಲ. ಕೊನೆಗೆ ಎಡೆಯನ್ನು ಹಸುವಿಗೆ ಇಟ್ಟರು.

"ಅವತ್ತೂ ಉಣ್ದೆ ಹೋದ. ಇವತ್ತೂ ನನ್ ಕೈದು ಬೇಡ ಅಂದ್ಬಿಟ್ಟ ನೋಡಪ್ಪ," ಎಂದರು ಅಕ್ಕ.

"ಅವ್ರ ಗಲಾಟೆಗೆ ಹಾರೋಯ್ತು ಕಣಕ್ಕ," ಎಂದೆ.

"ಗಲಾಟೆಗೆಲ್ಲ ಹೆದ್ರೋನಲ್ಲಪ್ಪ ಅವ್ನು."

ಆ ಎರಡು ಕಡೆಯವರು ಟೌನಿಗೆ ಹೋಗಿ, ಸತ್ತವರಿಗೆ ಅವಮಾನ ಮಾಡಿದ್ದು ನೀವು, ಅಲ್ಲ ನೀವು ಎಂದು ತಿಂಗಳುಗಟ್ಟಲೆ ಕಿತ್ತಾಡಿದರು. ಅಕ್ಕನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಅಕ್ಕ ಕಾಂಪೌಂಡ್ ಮೇಲೆ ಒಂದು ತುತ್ತು ಇಡುತ್ತಿದ್ದರು. ಕಾಗೆಗಳು ಮುಗಿಬಿದ್ದು ತಿನ್ನುತ್ತಿದ್ದವು. ನೋಡಕ್ಕ, ತಿಂತಲ್ಲ ಎಂದರೆ, "ಇವು ಬೇರೆವು ಕಣಪ್ಪ," ಎಂದು ಒಳಗೆ ಹೋಗುತ್ತಿದ್ದರು.

ಹೋದ ವರ್ಷ ಅಕ್ಕನೂ ಹೋದರು. ಯಾವ ಪಕ್ಷದವರೂ ಬರಲಿಲ್ಲ. ಎಡೆ ಇಟ್ಟು ನಾವು ಹಿಂದೆ ಸರಿಯುವ ಮೊದಲೇ ಕಾಗೆ ಮುಟ್ಟಿತು. "ಮನ್ಸಲ್ಲಿ ಏನೂ ಉಳ್ದಿರ್ಲಿಲ್ಲ ಬಿಡು, ಪುಣ್ಯಾತ್ಗಿತ್ತಿ," ಎಂದರು ನೆಂಟರು.

ಉಳಿದಿತ್ತು. ನನಗೆ ಗೊತ್ತು.