ಗವಿಸಿದ್ದಪ್ಪ ನೀರು ಹೊಡೆದ ಇಟ್ಟಿಗೆಗಳು

ವಡ್ಡು ಊರಿನ ಗವಿಸಿದ್ದಪ್ಪ ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದವನು. ಗೋಡೆ ಯಾರದ್ದೇ ಆಗಲಿ, ಕಟ್ಟಿದ ಮೇಲೆ ಸಿಮೆಂಟು ಗಟ್ಟಿಯಾಗಲೆಂದು ಏಳು ದಿನ ಎರಡು ಹೊತ್ತೂ ತಾನೇ ನಿಂತು ನೀರು ಹೊಡೆಯುತ್ತಿದ್ದ. ನಾವೇ ಹೊಡೆಯುತ್ತೇವೆ ಎಂಬ ಮನೆಯವರ ಮಾತು ನಂಬುವ ಆಸಾಮಿಯಲ್ಲ. ಮೊಣಕಾಲು ಕೈಕೊಟ್ಟ ಮೇಲೆ, ಕಳೆದ ವರ್ಷ, ಊರಾಚೆಯ ವಿದ್ಯುತ್ ಸ್ಥಾವರದಲ್ಲಿ ಕಂಟ್ರಾಕ್ಟರ್ ಒಬ್ಬನ ಕೈಕೆಳಗೆ ಇಟ್ಟಿಗೆ ಜೋಡಿಸುವ ಕೆಲಸಕ್ಕೆ ಸೇರಿದ.

ಆ ಇಟ್ಟಿಗೆಗೆ ಸಿಮೆಂಟೂ ಬೇಡ, ಭಟ್ಟಿಯೂ ಬೇಡ. ಉಕ್ಕಿನ ಕಾರ್ಖಾನೆಯಲ್ಲಿ ಅದಿರು ಕರಗಿಸಿದಾಗ ಉಳಿಯುವ ಕಿಟ್ಟವನ್ನು ಪುಡಿಮಾಡಿ, ಅಚ್ಚೊತ್ತಿ, ಕಬ್ಬಿಣದ ಕೋಣೆಯಲ್ಲಿಟ್ಟು ಚಿಮಣಿಯ ಹೊಗೆ ಬಿಡುತ್ತಾರೆ. ಹೊಗೆಯಲ್ಲಿನ ಇಂಗಾಲದ ಅನಿಲ ಕಿಟ್ಟದ ಸುಣ್ಣದೊಂದಿಗೆ ಸೇರಿ ಕಲ್ಲಾಗುತ್ತದೆ. ಇದನ್ನು ಕೇಳಿ ಹೆಂಡತಿ ಚೆನ್ನಬಸಮ್ಮ, "ಹೊಗಿ ಎಲ್ಲ್ಯರ ಕಲ್ಲಾಗತೈತೇನು? ನಿಮಗ ಯಾರೋ ಟೋಪಿ ಹಾಕ್ಯಾರ" ಎಂದು ನಕ್ಕಿದ್ದಳು.

ಇದೆಲ್ಲ ಇನ್ನೂ ಪ್ರಯೋಗ. ಇಟ್ಟಿಗೆ ಭಾರ ತಡೆದರೆ ಘಟಕ ಉಳಿಯುತ್ತದೆ, ಇಲ್ಲವಾದರೆ ಎಂಟು ಜನರ ಕೆಲಸ ಹೋಗುತ್ತದೆ. ಪರೀಕ್ಷೆಯ ದಿನ ಯಂತ್ರದಡಿ ಇಟ್ಟ ಐದೂ ಇಟ್ಟಿಗೆ ಪುಡಿಯಾದವು. ಕಿಟ್ಟವೇ ಸರಿಯಿಲ್ಲ, ಮುಚ್ಚುವುದೇ ಲೇಸು ಎಂದು ಎಂಜಿನಿಯರ್ ಐಶ್ವರ್ಯ ವರದಿ ಬರೆಯಲು ಕುಳಿತಳು.

ಗವಿಸಿದ್ದಪ್ಪ ಒಂದು ಚೂರು ಎತ್ತಿಕೊಂಡು ನೋಡಿದ. ಒಳಗೆ ಇನ್ನೂ ಹಸಿ. ಚೂರು ಹಿಡಿದೇ ಐಶ್ವರ್ಯಳ ಬಳಿ ಹೋದ.

"ಮೇಡಂ, ತಪ್ಪು ನಂದೈತ್ರಿ. ಒಳಗ ಇಡೂ ಮೊದ್ಲು ಪೈಪ್ ಹಿಡ್ದು ನೀರು ಹೊಡ್ದೀನ್ರಿ. ಒಣಾ ಇಟ್ಟಿಗಿ ನೋಡಿ ತಡಿಯಾಕ ಆಗ್ಲಿಲ್ಲ."

ಐಶ್ವರ್ಯ ತಲೆಯ ಮೇಲೆ ಕೈಯಿಟ್ಟುಕೊಂಡಳು. "ನೀರು ತುಂಬಿದ್ರ ಗ್ಯಾಸ್ ಹೆಂಗ ಒಳಗ ಹೋಗ್ಬೇಕ್ರೀ? ಎಲ್ಲಾದಕ್ಕೂ ಹೊಡದ್ರೇನು?"

"ಹಿಂದಿನ ಸಾಲಿಗೆ ಪೈಪ್ ಮುಟ್ಲಿಲ್ರಿ."

ಹಿಂದಿನ ಸಾಲಿನಿಂದ ಐದು ತಂದಿಟ್ಟರು. ಐದೂ ಭಾರ ತಡೆದವು. ಘಟಕ ಉಳಿಯುವುದು ಖಾತ್ರಿಯಾದರೂ ಐಶ್ವರ್ಯಳ ಪೆನ್ನು ಮುಂದೆ ಓಡಲಿಲ್ಲ.

"ವರದಿಯಾಗ ನೀರಿನ ಸುದ್ದಿ ಬಿಟ್ಟಬಿಡ್ತೀನ್ರಿ. ಬರದ್ರ ಕಂಟ್ರಾಕ್ಟರ್ ನಿಮ್ಮನ್ನ ತೆಗೀತಾನ."

ಆ ಕೆಲಸ ಗವಿಸಿದ್ದಪ್ಪನಿಗೆ ಬೇಕಿತ್ತು. ಈ ಮೊಣಕಾಲಿಗೆ ಇನ್ನೊಂದು ಕೆಲಸ ಸಿಗುವುದಿಲ್ಲ ಎಂದೂ ಗೊತ್ತಿತ್ತು.

"ಬರೀರಿ ಮೇಡಂ. ನನ್ನ ಜಾಗಕ್ಕ ಬರಾವನೂ ಗೌಂಡಿನೇ ಇರ್ತಾನ. ಯಾರೂ ಹೇಳ್ಲಿಲ್ಲಂದ್ರ ಅವನೂ ಹೊಡೀತಾನ್ರಿ."

ಅವಳು ಬರೆದಳು. ಆ ವಾರವೇ ಅವನನ್ನು ತೆಗೆದರು. ಅವನ ಜಾಗಕ್ಕೆ ಕಂಪ್ಲಿಯಿಂದ ಮಾಲತೇಶ್ ಎಂಬ ಗೌಂಡಿ ಬಂದ. ಜೋಡಿಸಿಟ್ಟ ಇಟ್ಟಿಗೆಗಳನ್ನು ಒಮ್ಮೆ ಸವರಿ ನೋಡಿ, ಅವನು ಮೊದಲು ಕೇಳಿದ್ದು ನೀರಿನ ಪೈಪ್ ಎಲ್ಲಿದೆ ಎಂದು.